ವೈದ್ಯರ ಪಕ್ಕದಲ್ಲಿ ನಿಂತವರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ - ಈ ನಾಲ್ಕರಲ್ಲಿ ಯಾವ ಊರಿನ ಪೇಟೆಬೀದಿಯಲ್ಲಿ ನಡೆದರೂ ರಕ್ತಪರೀಕ್ಷೆಯ ಫಲಕವೊಂದು ಕಣ್ಣಿಗೆ ಬೀಳದೆ ಇರದು. ಒಳಗೆ ಕುಳಿತು ಪರೀಕ್ಷೆ ಮಾಡುವಾತ ವೈದ್ಯನಲ್ಲ. ಆದರೆ ಆತ ಬರೆದುಕೊಟ್ಟ ಚೀಟಿಯನ್ನು ನಂಬಿಯೇ ವೈದ್ಯರು ಔಷಧಿಯನ್ನು ನಿರ್ಧರಿಸುತ್ತಾರೆ. ಇಂಥವರನ್ನು 'ಅರೆವೈದ್ಯಕೀಯ ಸಿಬ್ಬಂದಿ' ಎಂದು ಕರೆಯುವುದು ವಾಡಿಕೆಯಾಗಿದೆ. ಕನ್ನಡ ಪಾಠ ಹೇಳುವ ನನಗೆ ಈ ಮಾತು ಅಷ್ಟಾಗಿ ಒಪ್ಪಿಗೆಯಾಗದು. 'ಅರೆ' ಎಂದರೆ ಅರ್ಧ, ಅಪೂರ್ಣ. 'ಪ್ಯಾರಾ' ಎಂಬ ಗ್ರೀಕ್ ಶಬ್ದಕ್ಕಾದರೋ 'ಪಕ್ಕದಲ್ಲಿ' ಎಂದು ಅರ್ಥ. ಇವರು ಅರ್ಧ ವೈದ್ಯರಲ್ಲ; ವೈದ್ಯರ ಪಕ್ಕದಲ್ಲಿ ನಿಂತು ತಮ್ಮ ಕೆಲಸವನ್ನು ಪೂರ್ತಿಯಾಗಿ ಬಲ್ಲವರು. ಹಾಗೆ ಬಲ್ಲವರೆಂದು ಹೇಳತಕ್ಕವರು ಯಾರು? ಈ ಪ್ರಶ್ನೆಗೆ ದೀರ್ಘವಾದ ಚರಿತ್ರೆಯುಂಟು.

ಹಿಂದೆ ಹೀಗೆ ಹೇಳುತ್ತಿದ್ದುದು ಊರೇ. 'ಸೂಲು' ಎಂದರೆ ಹೆರಿಗೆ. ಒಕ್ಕಲಗಿತ್ತಿ, ಮದುವಣಗಿತ್ತಿ ಎಂಬಲ್ಲಿರುವ ಪ್ರತ್ಯಯವೇ ಸೇರಿ 'ಸೂಲಗಿತ್ತಿ' ಎಂದಾಯಿತು. ಆಕೆಗೆ ಸರ್ಟಿಫಿಕೇಟಿರಲಿಲ್ಲ, ನಾಲ್ಕು ಮನೆಯವರ ನಂಬಿಕೆಯೇ ಆಕೆಯ ಲೈಸೆನ್ಸು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. ಅವರಿಗೆ 2018ರಲ್ಲಿ ಪದ್ಮಶ್ರೀ ದೊರೆಯಿತು. ಅನುಭವದ ವಿದ್ಯೆಯನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಇದು ಸಾಕ್ಷಿ. ಆದರೆ ಎಲ್ಲರೂ ನರಸಮ್ಮನವರಲ್ಲ. ಅದೇ ನಂಬಿಕೆಯನ್ನು ಬಂಡವಾಳ ಮಾಡಿಕೊಂಡ ಅಳಲೆಕಾಯಿ ಪಂಡಿತರಿಗೂ ನಮ್ಮ ನಾಡಿನಲ್ಲಿ ಬರವಿರಲಿಲ್ಲ.

ಆಸ್ಪತ್ರೆಗಳು ಬಂದ ಮೇಲೆ ಹೊಸದೊಂದು ವರ್ಗವೇ ಹುಟ್ಟಿತು. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಆಸ್ಪತ್ರೆಯನ್ನು ನಡೆಸತೊಡಗಿದರು. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಡಿಸ್ಪೆನ್ಸರಿಗಳಿದ್ದವು. ಆ ಕಾಲದ ಇಂಥ ಸ್ಥಳಗಳಲ್ಲಿ ಸೀಸೆಗೆ ಮಿಕ್ಸ್‌ಚರ್ ಬೆರೆಸಿ, ಗುರುತಿನ ಕಾಗದ ಅಂಟಿಸಿ ಕೊಡುತ್ತಿದ್ದ ಕಾಂಪೌಂಡರನ್ನು ಹಿರಿಯರು ಮರೆತಿರಲಾರರು. ಅನೇಕರು ಕೆಲಸ ಮಾಡುತ್ತ ಮಾಡುತ್ತಲೇ ಕಲಿತವರು. ಶಿಕ್ಷಣ ಪಡೆದವರ ಕೊರತೆ ಎಷ್ಟಿತ್ತೆಂಬುದನ್ನು 1946ರ ಭೋರ್ ಸಮಿತಿಯ ವರದಿ ತಿಳಿಸುತ್ತದೆ: ಅಂದಿನ ಇಡೀ ಭಾರತಕ್ಕೆ ನರ್ಸುಗಳು ಸುಮಾರು 7,000, ಸೂಲಗಿತ್ತಿಯರು 5,000, ಶಿಕ್ಷಣ ಪಡೆದ ಫಾರ್ಮಸಿಸ್ಟರು ಕೇವಲ 75!

ಈ ಸ್ಥಿತಿಯಲ್ಲಿ ಹಳೆಯ ಕಾಂಪೌಂಡರುಗಳನ್ನೆಲ್ಲ ಹೊರಕ್ಕೆ ಕಳುಹಿಸಿದ್ದರೆ ಔಷಧಿ ಕೊಡುವವರೇ ಇರುತ್ತಿರಲಿಲ್ಲ. ಆದುದರಿಂದ 1948ರ ಫಾರ್ಮಸಿ ಕಾಯಿದೆ ಜಾಣತನದ ಹಾದಿಯನ್ನು ಹಿಡಿಯಿತು. ಆಸ್ಪತ್ರೆ ಅಥವಾ ಡಿಸ್ಪೆನ್ಸರಿಯಲ್ಲಿ ಐದು ವರ್ಷಕ್ಕೆ ಕಡಮೆಯಿಲ್ಲದೆ ಔಷಧಿ ಬೆರೆಸಿದ್ದವರಿಗೂ ಮೊದಲನೆಯ ರಿಜಿಸ್ಟರಿನಲ್ಲಿ ಸ್ಥಾನ ಕೊಟ್ಟು, ಮುಂದೆ ಬರುವವರಿಗೆ ವ್ಯಾಸಂಗವನ್ನೂ ಪರೀಕ್ಷೆಯನ್ನೂ ವಿಧಿಸಿತು. ಹಳಬರಿಗೆ ಒಮ್ಮೆ ಬಾಗಿಲು ತೆರೆದು, ಆಮೇಲೆ ಆ ಬಾಗಿಲಿಗೆ ಕಾವಲಿಟ್ಟಂತಾಯಿತು.

ನರ್ಸುಗಳ ವಿಷಯದಲ್ಲಿ ಮದರಾಸು ಪ್ರಾಂತದಲ್ಲಿ 1926ರಲ್ಲಿಯೇ ಕಾಯಿದೆಯಾಗಿತ್ತು. ಆಗ ಆ ಪ್ರಾಂತಕ್ಕೆ ಸೇರಿದ್ದ ಮಂಗಳೂರು, ಬಳ್ಳಾರಿಗಳಿಗೂ ಅದು ಅನ್ವಯಿಸುತ್ತಿತ್ತು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ಎಲ್ಲ ಭಾಗಗಳಿಗೂ ಸಮನಾದ ಏರ್ಪಾಟು ಬೇಕಾಯಿತು. ನರ್ಸುಗಳು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ಕಾಯಿದೆ ಬಂದದ್ದು 1961ರಲ್ಲಿ. ಶಿಡ್ಲಘಟ್ಟದ ವಾಚಕರಿಗೆ ಇದಕ್ಕೆ ಸಮೀಪದ ಇನ್ನೊಂದು ವರ್ಷವೂ ನೆನಪಾಗಬಹುದು. ರೇಷ್ಮೆಹುಳುವಿನ ಬಿತ್ತನೆ ಮತ್ತು ಗೂಡಿನ ಉತ್ಪಾದನೆ, ಮಾರಾಟಗಳನ್ನು ಹತೋಟಿಗೆ ತಂದ ರಾಜ್ಯದ ಕಾಯಿದೆ 1959ರದು. ರೋಗದ ಮೊಟ್ಟೆಯನ್ನು ಮಾರಿದರೆ ರೈತನ ಮನೆ ಹಾಳಾಗುವುದೆಂದು ಬಲ್ಲ ನಮಗೆ, ಲೈಸೆನ್ಸು ಏಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಪ್ರಯೋಗಶಾಲೆಯವರ ಸರದಿ ಬಂದದ್ದು ಬಹಳ ತಡವಾಗಿ. ಅವರ ಕೆಲಸವಾದರೂ ಅಲ್ಪವಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಜಿಲ್ಲೆಗಳಿಗಾಗಿ ತಂಡಗಳನ್ನು ತಯಾರುಮಾಡಿದಾಗ, ವೈದ್ಯಾಧಿಕಾರಿಯ ಜೊತೆಯಲ್ಲಿ ಪ್ರಯೋಗಶಾಲೆಯ ಮತ್ತು ಎಕ್ಸ್‌ರೇ ತಂತ್ರಜ್ಞರಿಗೂ ತರಬೇತಿ ಕೊಟ್ಟಿತು. ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ತಾಳ್ಮೆಯಿಂದ ಹುಡುಕಬೇಕು. ಆ ಕಣ್ಣು ಒಮ್ಮೆ ತಪ್ಪಿದರೆ ರೋಗಿ 'ಏನೂ ಇಲ್ಲ' ಎಂಬ ಚೀಟಿಯೊಡನೆ ಮನೆಗೆ ಹೋಗಿ, ಮಕ್ಕಳ ಪಕ್ಕದಲ್ಲಿ ಮಲಗುತ್ತಾನೆ. ಇಷ್ಟು ಹೊಣೆಯಿರುವ ಕೆಲಸದ ಡಿಪ್ಲೊಮಾ ವ್ಯಾಸಂಗಗಳನ್ನು ನೋಡಿಕೊಳ್ಳಲು ಕರ್ನಾಟಕದಲ್ಲಿ ಪ್ಯಾರಾಮೆಡಿಕಲ್ ಬೋರ್ಡು ಏರ್ಪಟ್ಟುದು 1997ರಲ್ಲಿ. ಮೊಟ್ಟೆಯ ಕಾಯಿದೆಗೂ ಇದಕ್ಕೂ ನಡುವೆ 38 ವರ್ಷಗಳ ಅಂತರ! ಇಡೀ ದೇಶಕ್ಕೆ ಅನ್ವಯಿಸುವ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ 2021ರದು. ಅದು ಈ ವೃತ್ತಿಗಳನ್ನು ಹತ್ತು ವರ್ಗಗಳಾಗಿ ವಿಂಗಡಿಸಿ, ರಾಜ್ಯಕ್ಕೊಂದು ಪರಿಷತ್ತನ್ನೂ ಹೆಸರುಗಳ ರಿಜಿಸ್ಟರನ್ನೂ ವಿಧಿಸಿದೆ. ಸಹಾಯಕ ವೃತ್ತಿಯವರ ವ್ಯಾಸಂಗ 2,000 ಗಂಟೆಗಳಿಗೆ ಕಡಮೆಯಿರಕೂಡದೆಂದಿದೆ.

ರಿಜಿಸ್ಟರು ಎಂಬುದು ಬರಿಯ ಸರ್ಕಾರಿ ಕಡತವಲ್ಲ. ಅದು ಇಬ್ಬರನ್ನು ಕಾಯುತ್ತದೆ. ತೋಳನ್ನು ನಂಬಿ ಮುಂದೆ ಚಾಚಿದ ರೋಗಿ ಒಬ್ಬ. ಕಷ್ಟಪಟ್ಟು ಕಲಿತು, ಕಲಿಯದವನ ಪಕ್ಕದಲ್ಲಿ ಸಮನಾಗಿ ಎಣಿಸಲ್ಪಡಬಾರದ ತಂತ್ರಜ್ಞ ಇನ್ನೊಬ್ಬ. ಯಾರ ಕೆಲಸ ಎಲ್ಲಿಗೆ ಮುಗಿಯುವುದೆಂಬ ಗೆರೆಯನ್ನೂ ಅದೇ ಎಳೆಯುತ್ತದೆ. ರಕ್ತ ನೋಡಬಲ್ಲವನು ಔಷಧಿ ಬರೆಯತೊಡಗಿದರೆ, ಆಗ ಮಾತ್ರ 'ಅರೆವೈದ್ಯ' ಎಂಬ ಹೆಸರು ಅವನಿಗೆ ಸಲ್ಲುತ್ತದೆ.

ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳನ್ನು ಇಂಥ ವ್ಯಾಸಂಗಕ್ಕೆ ಕಳುಹಿಸುವ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಕಟ್ಟಡದ ಅಂದವನ್ನೂ ಜಾಹೀರಾತಿನ ಮಾತನ್ನೂ ನೋಡಿ ಹಣ ಕಟ್ಟಬೇಡಿ. ಈ ಸಂಸ್ಥೆಗೆ ಮಾನ್ಯತೆಯುಂಟೇ, ಇಲ್ಲಿ ಕಲಿತವನ ಹೆಸರು ರಿಜಿಸ್ಟರಿನಲ್ಲಿ ಸೇರುವುದೇ ಎಂದು ಮೊದಲು ವಿಚಾರಿಸಿರಿ. ಮಾನ್ಯತೆಯಿಲ್ಲದ ಕಾಗದವನ್ನು ನಂಬಿದ ಹುಡುಗನಿಗೆ ಕಳೆಯುವುದು ವರ್ಷಗಳು. ಆ ಹುಡುಗನನ್ನು ನಂಬಿದ ರೋಗಿಗೆ ಕಳೆಯುವುದು ಅದಕ್ಕಿಂತ ಹೆಚ್ಚಿನದು.