ಜೀಗುಜ್ಜೆ ಪೋಡಿಯ ಪೋಷಕಾಂಶ: ಕಾಯಿ, ಹಿಟ್ಟು ಮತ್ತು ಎಣ್ಣೆಯ ಪಾಲು

ಧರ್ಮಸ್ಥಳದ ಆಸುಪಾಸಿನ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಸೀಮೆಯಲ್ಲಿ ಸಂಜೆಯ ಚಹಾದೊಂದಿಗೆ ತಿನ್ನುವ ಕರಿದ ತಿಂಡಿಗಳಲ್ಲಿ ಜೀಗುಜ್ಜೆ ಪೋಡಿಗೆ ವಿಶೇಷ ಸ್ಥಾನವಿದೆ. ಜೀಗುಜ್ಜೆ (ಆರ್ಟೊಕಾರ್ಪಸ್ ಆಲ್ಟಿಲಿಸ್) ಹಲಸಿನ ಕುಲಕ್ಕೇ ಸೇರಿದ ಮರ. ಇದರ ಮೂಲ ಶಾಂತಸಾಗರದ ದ್ವೀಪಗಳ ಕಡೆಯದು. ಬಲಿತ ಕಾಯಿಯ ಸಿಪ್ಪೆ, ಗೂಂಜು ತೆಗೆದು ತೆಳುವಾಗಿ ಹೆಚ್ಚಿ, ಕಡಲೆಹಿಟ್ಟು, ಅಕ್ಕಿಹಿಟ್ಟು, ಮೆಣಸಿನಪುಡಿ, ಇಂಗು, ಉಪ್ಪು ಕಲಸಿದ ಹಿಟ್ಟಿನಲ್ಲಿ ಅದ್ದಿ, ಸಾಂಪ್ರದಾಯಿಕವಾಗಿ ತೆಂಗಿನೆಣ್ಣೆಯಲ್ಲಿ ಕರಿಯುತ್ತಾರೆ.

100 ಗ್ರಾಂ ಹಸಿ ಜೀಗುಜ್ಜೆಯಲ್ಲಿ ಸುಮಾರು 27 ಗ್ರಾಂ ಶರ್ಕರಪಿಷ್ಟ, 5 ಗ್ರಾಂ ನಾರು, 490 ಮಿಲಿಗ್ರಾಂ ಪೊಟ್ಯಾಸಿಯಂ, 29 ಮಿಲಿಗ್ರಾಂ ಸಿ ಜೀವಸತ್ವ ಇವೆ. ಶಕ್ತಿ ಸುಮಾರು 103 ಕಿಲೊಕ್ಯಾಲೊರಿ. ಕೊಬ್ಬು ಅರ್ಧ ಗ್ರಾಮೂ ಇಲ್ಲ. ಪ್ರೋಟೀನು ಒಂದೇ ಗ್ರಾಂ. ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದು ಕಡಲೆಹಿಟ್ಟು: ಅದರಲ್ಲಿ ನೂರಕ್ಕೆ 22 ಗ್ರಾಂ ಪ್ರೋಟೀನು. ಕಡಲೆಯ ಲೈಸಿನ್ ಅಕ್ಕಿಯ ಕೊರತೆಯನ್ನೂ, ಅಕ್ಕಿಯ ಮೆಥಿಯೊನಿನ್ ಕಡಲೆಯ ಕೊರತೆಯನ್ನೂ ನೀಗಿಸುವುದರಿಂದ ಈ ಜೋಡಿ ರುಚಿಗಷ್ಟೇ ಸೀಮಿತವಲ್ಲ.

ಕರಿದದ್ದರಲ್ಲಿ ಸತ್ವವೇ ಉಳಿಯದು ಎಂಬ ಮಾತು ಪೂರ್ತಿ ನಿಜವಲ್ಲ. ಬೇಯಿಸಿ ನೀರು ಚೆಲ್ಲುವ ಕ್ರಮದಲ್ಲಿ ಪೊಟ್ಯಾಸಿಯಂ ನೀರಿನೊಂದಿಗೆ ಹೋಗುತ್ತದೆ. ಪೋಡಿಯಲ್ಲಿ ಅದು ಬಹುಪಾಲು ಒಳಗೇ ಉಳಿಯುತ್ತದೆ. ಸಿ ಜೀವಸತ್ವ ಮಾತ್ರ ಕಾವಿಗೆ ಒಂದಷ್ಟು ನಾಶವಾಗುತ್ತದೆ. ಹಿಟ್ಟಿಗೆ ಅಡುಗೆಸೋಡ ಬೆರೆಸಿದರೆ ಥಯಾಮಿನ್ ಕೂಡ ಕಡಿಮೆಯಾಗುತ್ತದೆ.

ಪೋಡಿಯ ಲೆಕ್ಕವನ್ನು ನಿಜವಾಗಿ ಬದಲಿಸುವುದು ಎಣ್ಣೆ. ಬಾಣಲೆಯಲ್ಲಿರುವಾಗ ಹೊರನುಗ್ಗುವ ಹಬೆ ಎಣ್ಣೆಯನ್ನು ತಡೆಯುತ್ತದೆ. ಮೇಲೆತ್ತಿದ ಮೇಲೆ ಹಬೆ ತಣಿದು ಒಳಗಿನ ಒತ್ತಡ ಇಳಿಯುತ್ತದೆ; ಮೈಗಂಟಿದ ಎಣ್ಣೆಯ ಹೆಚ್ಚು ಭಾಗ ಆಗಲೇ ರಂಧ್ರಗಳಿಗೆ ಇಳಿಯುವುದು. ಆದ್ದರಿಂದ ತೆಗೆದ ತಕ್ಷಣ, ಬಿಸಿಯಿರುವಾಗಲೇ ಎಣ್ಣೆ ಬಸಿಯುವುದು ತೀರ ಮುಖ್ಯ. ಹೋಳು ತೆಳುವಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು, ಎಣ್ಣೆಯೂ ಹೆಚ್ಚು. 10 ಗ್ರಾಂ ಎಣ್ಣೆ ಹೀರಿದರೆ 90 ಕಿಲೊಕ್ಯಾಲೊರಿ ಸೇರುತ್ತದೆ. ಇದು 100 ಗ್ರಾಂ ಕಾಯಿಯ ಶಕ್ತಿಗೆ ಹತ್ತಿರ. ಅಷ್ಟು ತೆಂಗಿನೆಣ್ಣೆಯಲ್ಲಿ 8 ಗ್ರಾಮಿಗೂ ಹೆಚ್ಚು ಪರ್ಯಾಪ್ತ ಕೊಬ್ಬಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಪರ್ಯಾಪ್ತ ಕೊಬ್ಬಿನ ಶಕ್ತಿ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದು, 2,000 ಕಿಲೊಕ್ಯಾಲೊರಿಯ ಆಹಾರದಲ್ಲಿ ಅದು ಸುಮಾರು 22 ಗ್ರಾಂ. ಒಂದು ತಟ್ಟೆ ಪೋಡಿ ಅದರ ಮೂರನೇ ಒಂದು ಪಾಲನ್ನು ಸುಲಭವಾಗಿ ದಾಟಬಲ್ಲದು.

ಪರ್ಯಾಪ್ತ ಕೊಬ್ಬು ಹೆಚ್ಚಿರುವ ಕಾರಣಕ್ಕೇ ತೆಂಗಿನೆಣ್ಣೆ ಕಾವಿನಲ್ಲಿ ಬೇಗ ಆಕ್ಸಿಡೀಕರಣಗೊಳ್ಳದು. ಆದರೂ ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಸುರಕ್ಷಿತವಲ್ಲ: ಕಾಯಿಸಿದಂತೆ ಎಣ್ಣೆ ಕೆಟ್ಟು ಹುಟ್ಟುವ ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದ ಎಣ್ಣೆಯ ಬಳಕೆಯನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ನಿಷೇಧಿಸಿದೆ. ಕರಿಯುವ ಬದಲು ಇದೇ ಜೀಗುಜ್ಜೆ ಹೋಳುಗಳಿಗೆ ಮಸಾಲೆ, ರವೆ ಹಚ್ಚಿ ಕಾವಲಿಯ ಮೇಲೆ ಕಾಯಿಸುವ ರೂಢಿಯೂ ಈ ಸೀಮೆಯಲ್ಲಿದೆ. ಅದಕ್ಕೆ ಕೆಲವು ಚಮಚ ಎಣ್ಣೆ ಸಾಕು, ಉಳಿದ ಎಣ್ಣೆಯನ್ನು ಮತ್ತೆ ಕಾಯಿಸುವ ಪ್ರಸಂಗವೂ ಬರುವುದಿಲ್ಲ.