ಲಾತೂರಿನ ವಕೀಲ ಮತ್ತು ನಮ್ಮ ಮೂರು ತಾಲ್ಲೂಕುಗಳು

1991ರ ಜನಗಣತಿಯಲ್ಲಿ ಸುರಪುರ ತಾಲ್ಲೂಕಿನ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಮುದುಕರ ವಯಸ್ಸನ್ನು ಕೇಳಿದರೆ ಯಾರೂ ಇಸವಿ ಹೇಳುತ್ತಿರಲಿಲ್ಲ. “ರಜಾಕಾರರ ಹಾವಳಿಯಾಗ ನಾ ಕೈಗೂಸು” ಎಂದು ಒಬ್ಬರು, “ಆಗ ನನ್ನ ಲಗ್ನಾಗಿತ್ತು” ಎಂದು ಇನ್ನೊಬ್ಬರು ಹೇಳುವರು. ನಾನು 1948ರಿಂದ ಕೂಡಿಸಿ ಕಳೆದು ನಮೂನೆಯಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದೆ. ಇಡೀ ಒಂದು ಸೀಮೆಯ ಪಂಚಾಂಗವನ್ನೇ ಬದಲಿಸಿದ ಆ ಮನುಷ್ಯನ ಹೆಸರು ಮಾತ್ರ ಅವರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ಆತ ಕಾಸಿಂ ರಜ್ವಿ. ಅಲೀಗಢದಲ್ಲಿ ಓದಿ, ಆಗ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದ್ದ ಲಾತೂರಿನಲ್ಲಿ ವಕೀಲಿ ನಡೆಸುತ್ತಿದ್ದವನು. 1946ರಲ್ಲಿ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಸಂಸ್ಥೆಯ ಅಧ್ಯಕ್ಷನಾದ. 1927ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು ಬಲಪಡಿಸಿದವರು ಮಹಾವಾಗ್ಮಿ ಬಹಾದ್ದೂರ್ ಯಾರ್ ಜಂಗ್. ಹೈದರಾಬಾದಿನ ಸಾರ್ವಭೌಮತ್ವ ನಿಜಾಮನೊಬ್ಬನದಲ್ಲ, ರಾಜ್ಯದ ಪ್ರತಿಯೊಬ್ಬ ಮುಸಲ್ಮಾನನೂ ಅದರಲ್ಲಿ ಪಾಲುದಾರ ಎಂಬುದು ಅವರ ಕಾಲದ ಘೋಷಣೆ. 1944ರಲ್ಲಿ ಅವರು ತೀರಿಕೊಂಡರು. ವಾಗ್ವೈಭವದ ಜೊತೆಗೆ ಅವರಲ್ಲಿದ್ದ ವಿವೇಚನೆ ರಜ್ವಿಯಲ್ಲಿರಲಿಲ್ಲವೆಂಬುದು ನನ್ನ ಅಭಿಪ್ರಾಯ. ಪ್ರಜೆಗಳಲ್ಲಿ ಶೇಕಡಾ 85ರಷ್ಟು ಜನ ಹಿಂದೂಗಳಾಗಿದ್ದ ನಾಡಿನಲ್ಲಿ ಆಳುವ ಹಕ್ಕು ಒಂದೇ ಧರ್ಮದವರದೆಂದು ಸಾರಿ, ಆ ಮಾತನ್ನು ಸಾಧಿಸಲು ಖಾಸಗಿ ಪಡೆಯನ್ನು ಕಟ್ಟಿದ. ತೀವ್ರ ಬಲಪಂಥವೆಂದು ಇಂದು ನಾವು ಕರೆಯುವ ರಾಜಕೀಯದ ಲಕ್ಷಣಗಳೆಲ್ಲವೂ ಅಲ್ಲಿದ್ದವು: ಸಮವಸ್ತ್ರ, ಕವಾಯತು, ಗತವೈಭವದ ಭಾಷಣ, ಒಳಗಿನ ಶತ್ರುವಿನ ಹುಡುಕಾಟ. ರಜಾಕಾರನೆಂದರೆ ಸ್ವಯಂಸೇವಕ, ಶಬ್ದ ಎಷ್ಟು ನಿರಪಾಯವಾದದ್ದು ನೋಡಿ!

ನಮ್ಮ ಮೂರು ತಾಲ್ಲೂಕುಗಳು ಆಗ ನಿಜಾಮನ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಸುರಪುರವಂತೂ 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಸೋತ ಮೇಲೆ ನಿಜಾಮನ ಕೈಸೇರಿದ ಸಂಸ್ಥಾನ. ಆ ಕಥೆಯನ್ನು ಇನ್ನೊಮ್ಮೆ ಬರೆಯುವೆ.

1947ರ ಅಕ್ಟೋಬರ್ ಕೊನೆಯಲ್ಲಿ ರಜ್ವಿಯ ಬಲವೇನೆಂಬುದು ಪ್ರಕಟವಾಯಿತು. ಭಾರತದೊಡನೆ ಒಪ್ಪಂದಕ್ಕಾಗಿ ದೆಹಲಿಗೆ ಹೊರಟಿದ್ದ ಛತಾರಿ ನವಾಬರು, ವಾಲ್ಟರ್ ಮಾಂಕ್‌ಟನ್, ಸುಲ್ತಾನ್ ಅಹಮದ್ ಇವರ ಮನೆಗಳನ್ನು ಇತ್ತೆಹಾದಿನ ಜನ ಮುತ್ತಿ, ಹೊರಡದಂತೆ ತಡೆದರು. ನಿಜಾಮ ಮಣಿದ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವೇನೋ ಆಯಿತು. ಆದರೆ ಛತಾರಿಯವರ ಸ್ಥಾನಕ್ಕೆ ರಜ್ವಿಗೆ ಒಪ್ಪಿಗೆಯಾದ ಲಾಯಕ್ ಅಲಿ ಪ್ರಧಾನಿಯಾಗಿ ಬಂದರು. ಚುನಾವಣೆಯಲ್ಲಿ ಗೆಲ್ಲದ, ಸರಕಾರದಲ್ಲಿ ಯಾವ ಹುದ್ದೆಯೂ ಇಲ್ಲದ ವಕೀಲನೊಬ್ಬ ಅರಸನನ್ನೂ ಮಂತ್ರಿಮಂಡಲವನ್ನೂ ಹೀಗೆ ಆಡಿಸಿದ.

ಅನಂತರದ ಹತ್ತು ತಿಂಗಳ ಸಂಕಟವನ್ನು ನಾನು ಅಜ್ಜಿಯ ಬಾಯಿಂದ ಕೇಳಿದ್ದೇನೆ. ಜೋಳವನ್ನು ಹಗೇವಿಗೆ ಸುರಿದು, ಬಾಯಿ ಮುಚ್ಚಿ, ಮೇಲೆ ತಿಪ್ಪೆ ಹಾಕಿ, ರಾತ್ರಿ ಬಂಡಿ ಕಟ್ಟಿಕೊಂಡು ಹುಣಸಗಿಯ ಮೇಲೆ ತಾಳಿಕೋಟೆಗೆ ಹೋದರಂತೆ. ತಾಳಿಕೋಟೆ ಮುಂಬಯಿ ಪ್ರಾಂತ್ಯ, ಎಂದರೆ ಭಾರತ. ಎತ್ತಿನ ಕೊರಳ ಗೆಜ್ಜೆ ಬಿಚ್ಚಿದ್ದನ್ನು ಹೇಳುವಾಗ ಆಕೆ ಈಗಲೂ ಯಾರೋ ಕೇಳಿಸಿಕೊಳ್ಳುತ್ತಿರುವರೆಂಬಂತೆ ದನಿ ತಗ್ಗಿಸುತ್ತಿದ್ದಳು. ಆ ರಾತ್ರಿ ಬಂಡಿ ಹೂಡಿ ಊರ ಗಡಿಯವರೆಗೆ ಬಂದವನು ನಮ್ಮ ಓಣಿಯ ಮುಸಲ್ಮಾನ ಪಿಂಜಾರ.

ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಕೊಲೆಗಳು ಇತಿಹಾಸದಲ್ಲಿ ದಾಖಲಾಗಿವೆ. ಗುರುಮಿಟಕಲ್ ಕ್ಷೇತ್ರದಿಂದ 1972ರಿಂದ ಮತ್ತೆ ಮತ್ತೆ ಆಯ್ಕೆಯಾದ ಮಲ್ಲಿಕಾರ್ಜುನ ಖರ್ಗೆಯವರು ಬಾಲ್ಯದಲ್ಲಿ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡವರು. ಆದರೆ ರಜ್ವಿಯನ್ನು ಲೇಖನಿಯಿಂದಲೇ ಎದುರಿಸಿದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಕೂಡ ಮುಸಲ್ಮಾನರೇ. 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಗುಂಡಿಟ್ಟು, ಕೈ ಕತ್ತರಿಸಿ ಅವರನ್ನು ಕೊಂದರು.

ಸೆಪ್ಟೆಂಬರ್ 13ರಂದು ಭಾರತೀಯ ಸೈನ್ಯ ಒಳನುಗ್ಗಿತು. ಕೆಂಪುಕೋಟೆಯ ಮೇಲೆ ಆಸಫ್‌ಜಾಹಿ ಧ್ವಜ ಹಾರಿಸುವ ಮಾತು ಆಡಿದನೆಂದು ಪತ್ರಿಕೆಗಳಲ್ಲಿ ಬಂದಿದ್ದವನ ಪಡೆ ಐದು ದಿನ ನಿಲ್ಲಲಿಲ್ಲ. 17ರಂದು ನಿಜಾಮ ಶರಣಾದ. ಒಂದೆರಡು ದಿನಗಳಲ್ಲಿ ರಜ್ವಿ ಸೆರೆಯಾದ.

ನಮ್ಮ ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತಿತ್ತು. ಒಮ್ಮೆ ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಆಮ್ಯಾಲ ನಮ್ಮವರಿಗೆ ಏನಾತು?” ಎಂದು ಕೇಳಿದ. ಅವನ ಅಜ್ಜನ ತಂದೆ ಪೊಲೀಸ್ ಆ್ಯಕ್ಷನ್ ಆದ ವಾರದಲ್ಲಿ ಹೊಲಕ್ಕೆ ಹೋದವನು ಮನೆಗೆ ಬಂದಿರಲಿಲ್ಲವಂತೆ. ಸಿಲೆಬಸ್ ಮುಗಿಸಬೇಕೆಂದು ಹೇಳಿ ನಾನು ಪಾಠ ಮುಂದುವರಿಸಿದೆ. ಆ ದಿನದ ನನ್ನ ಹೇಡಿತನ ಇಂದಿಗೂ ಚುಚ್ಚುತ್ತದೆ. ಉತ್ತರ ಬೇಕಾದವರಿಗೆ ಪಂಡಿತ ಸುಂದರಲಾಲ್ ಸಮಿತಿಯ ವರದಿ ಇದೆ. 1948ರ ಕೊನೆಯಲ್ಲಿ ಕೇಂದ್ರ ಸರಕಾರದ ಸೂಚನೆಯಂತೆಯೇ ಸಂಚರಿಸಿದ ಆ ಸಮಿತಿ, ಕಾರ್ಯಾಚರಣೆಯ ಕಾಲದಲ್ಲಿ ಮತ್ತು ಅನಂತರ ಸತ್ತವರು 27,000ದಿಂದ 40,000ವರೆಗೆ ಇರಬಹುದೆಂದು ಅಂದಾಜಿಸಿತು. ಅವರಲ್ಲಿ ಬಹುಪಾಲು ಮುಸಲ್ಮಾನರು. ಹೆಚ್ಚು ಪೆಟ್ಟು ತಿಂದವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ಗುಲ್ಬರ್ಗಾ ಎಂದರೆ ನಾವೇ. ದಶಕಗಳ ಕಾಲ ಆ ವರದಿ ಸರಕಾರದ ಕಪಾಟಿನಲ್ಲಿತ್ತು. ಸಾರ್ವಜನಿಕರಿಗೆ ನೋಡಲು ಸಿಕ್ಕಿದ್ದು 2013ರ ಸುಮಾರಿಗೆ.

ರಜ್ವಿಗೆ ಬೀಬಿನಗರ ದರೋಡೆ ಪ್ರಕರಣದಲ್ಲಿ ಏಳು ವರ್ಷ ಶಿಕ್ಷೆಯಾಯಿತು. 1957ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದವನು, ಸಂಸ್ಥೆಯನ್ನು ವಕೀಲ ಅಬ್ದುಲ್ ವಾಹೇದ್ ಓವೈಸಿಯವರಿಗೆ ಒಪ್ಪಿಸಿ, ಕೊಟ್ಟ ಮಾತಿನಂತೆ ಪಾಕಿಸ್ತಾನಕ್ಕೆ ಹೊರಟುಹೋದ. 1970ರಲ್ಲಿ ಕರಾಚಿಯಲ್ಲಿ ಸತ್ತಾಗ ಅವನನ್ನು ವಿಚಾರಿಸುವವರು ಬಹಳ ಇರಲಿಲ್ಲ. ಅವನ ಹೆಸರಿನ ಭಾರ ಹೊತ್ತದ್ದು ಇಲ್ಲಿಯೇ ಉಳಿದ ಬಡ ಮುಸಲ್ಮಾನರು.

ನಮ್ಮವರು ದೀಪಾವಳಿಯ ಹೊತ್ತಿಗೆ ತಾಳಿಕೋಟೆಯಿಂದ ತಿರುಗಿ ಬಂದರು. ಹಗೇವಿನ ಜೋಳ ಹಾಗೆಯೇ ಇತ್ತು. ಪಿಂಜಾರನ ಮನೆಗೆ ಬಾಗಿಲಿರಲಿಲ್ಲ, ಒಳಗೆ ಯಾರೂ ಇರಲಿಲ್ಲ. ಅಜ್ಜಿ ಆತನ ಹತ್ತಿ ಹಿಂಜುವ ಬಿಲ್ಲನ್ನು ತಂದು ನಮ್ಮ ಪಡಸಾಲೆಯ ಗೂಟಕ್ಕೆ ತೂಗುಹಾಕಿದಳು, ಬಂದರೆ ಕೊಡಬೇಕೆಂದು. ನಾನು ಬಿ.ಎಡ್. ಮುಗಿಸಿ ಊರಿಗೆ ಬಂದಾಗಲೂ ಅದು ಅಲ್ಲಿಯೇ ಇತ್ತು.