ಕಣ್ಣುಗೂಡಿನ ಸೋಂಕು, ಸೈನಸ್ ಮೂಲದ

ಮೂಗಿನ ಸುತ್ತಲಿನ ಎಲುಬಿನ ಪೊಳ್ಳುಗಳಾದ ಸೈನಸ್‌ಗಳಲ್ಲಿ ಹುಟ್ಟಿದ ಸೋಂಕು ಕಣ್ಣುಗುಡ್ಡೆ ಕುಳಿತಿರುವ ಗೂಡಿಗೆ ದಾಟುವ ಕಾಯಿಲೆ. ವೈದ್ಯರು ಇದನ್ನು ಆರ್ಬಿಟಲ್ ಸೆಲ್ಯುಲೈಟಿಸ್ ಎನ್ನುತ್ತಾರೆ. ದೊಡ್ಡವರಿಗಿಂತ ಮಕ್ಕಳನ್ನು ಹೆಚ್ಚಾಗಿ ಕಾಡುತ್ತದೆ. ಬೇಗ ಗುರುತಿಸಿದರೆ ಬಹುಪಾಲು ಮಂದಿ ದೃಷ್ಟಿಗೆ ಕುಂದಿಲ್ಲದೆ ಗುಣವಾಗುತ್ತಾರೆ. ತಡವಾದರೆ ದೃಷ್ಟಿ ಹೋಗಬಹುದು, ನಂಜು ಮಿದುಳಿಗೂ ಏರಬಹುದು.

ಸೋಂಕು ಹೆಚ್ಚಾಗಿ ದಾಟಿ ಬರುವುದು ಎರಡು ಕಣ್ಣುಗಳ ನಡುವಿನ ಎತ್ಮಾಯ್ಡ್ ಸೈನಸ್‌ನಿಂದ. ಹಣೆಯ ಸೈನಸ್ ಬೆಳೆಯಲು ವರ್ಷಗಳು ಬೇಕು. ಎತ್ಮಾಯ್ಡ್ ಸೈನಸ್ ಹುಟ್ಟುವಾಗಲೇ ಇರುತ್ತದೆ. ಇದಕ್ಕೂ ಕಣ್ಣುಗೂಡಿಗೂ ನಡುವೆ ಇರುವ ಗೋಡೆಯ ಹೆಸರು ಲ್ಯಾಮಿನಾ ಪಪೈರೇಸಿಯ. ಪಪೈರಸ್ ಕಾಗದದಷ್ಟು ತೆಳುವಾದ ಎಲುಬಿಗೆ ಹೆಸರಿಟ್ಟವರು ಉತ್ಪ್ರೇಕ್ಷೆ ಮಾಡಿಲ್ಲ. ಆ ಗೋಡೆಯ ಸಣ್ಣ ಕಿಂಡಿಗಳಿಂದಲೂ, ಮೂಗು ಕಣ್ಣುಗಳನ್ನು ಬೆಸೆಯುವ ರಕ್ತನಾಳಗಳಿಂದಲೂ ಸೋಂಕು ಒಳಗೆ ನುಗ್ಗುತ್ತದೆ.

ರೆಪ್ಪೆಯೊಳಗಿನ ತೆಳುಪರೆಯೊಂದು ಕಣ್ಣುಗೂಡಿಗೆ ಬಾಗಿಲಿನಂತಿದೆ. ಸೋಂಕು ಪರೆಯ ಮುಂದೆಯೇ ನಿಂತರೆ ರೆಪ್ಪೆ ಊದುತ್ತದೆ, ಅಷ್ಟೆ. ಹಿಂದಕ್ಕೆ ಹೋದರೆ ಕಣ್ಣು ಹೊರಳಿಸಲು ನೋವು, ಗುಡ್ಡೆ ಮುಂದಕ್ಕೆ ತಳ್ಳಿದಂತಾಗುವುದು, ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು ಶುರುವಾಗುತ್ತದೆ. ಚಾಂಡ್ಲರ್ ಮತ್ತು ಸಂಗಡಿಗರು 1970ರಲ್ಲಿ ಮಾಡಿದ ಐದು ಗುಂಪುಗಳ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ: ರೆಪ್ಪೆಯ ಊತ, ಗೂಡಿನ ಸೋಂಕು, ಎಲುಬಿನ ಹೊದಿಕೆಯಡಿ ಕೀವು, ಗೂಡಿನೊಳಗೇ ಕೀವು, ಕೊನೆಗೆ ಮಿದುಳಿನ ಬುಡದ ಕ್ಯಾವರ್ನಸ್ ಸೈನಸ್ ಎಂಬ ರಕ್ತನಾಳದ ಪೊಳ್ಳಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಕಾಯಿಲೆ ಮಾತ್ರ ಈ ಮೆಟ್ಟಿಲುಗಳನ್ನು ಒಂದೊಂದಾಗಿಯೇ ಹತ್ತುತ್ತದೆಂಬ ಭರವಸೆಯಿಲ್ಲ. ನಾಲ್ಕಾರು ದಿನ ನೆಗಡಿಯಾಗಿದ್ದ ಮಗು ಬೆಳಿಗ್ಗೆ ಒಂದು ಕಣ್ಣು ಊದಿಸಿಕೊಂಡು ಎದ್ದರೆ ಮನೆಯವರು ಹುಳ ಕಚ್ಚಿರಬೇಕೆಂದೋ ಮದ್ರಾಸ್ ಐ ಎಂದೋ ಸುಮ್ಮನಾಗುವುದುಂಟು. ಜ್ವರವೂ ಇದ್ದು, ಕಣ್ಣು ಆಡಿಸಿದರೆ ನೋವೆಂದು ಮಗು ಅಳುತ್ತಿದ್ದರೆ ಅದು ಅಂದೇ ಆಸ್ಪತ್ರೆಗೆ ಹೋಗಬೇಕಾದ ಕಣ್ಣು.

ಚಿಕಿತ್ಸೆ ಆಸ್ಪತ್ರೆಯಲ್ಲೇ ಆಗಬೇಕು. ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಕೊಟ್ಟು, ಸಿ.ಟಿ. ಸ್ಕ್ಯಾನ್‌ನಲ್ಲಿ ಕೀವು ಎಲ್ಲಿದೆ, ಎಷ್ಟಿದೆ ಎಂದು ನೋಡುತ್ತಾರೆ. ಚಿಕ್ಕ ಮಕ್ಕಳಲ್ಲಿ ಕೀವು ಸ್ವಲ್ಪವೇ ಇದ್ದು ದೃಷ್ಟಿ ಚೆನ್ನಾಗಿದ್ದರೆ ಬರೀ ಔಷಧಿಯಲ್ಲಿ ಕಾದು ನೋಡುವುದಿದೆ. ದೃಷ್ಟಿ ಕುಗ್ಗುತ್ತಿದ್ದರೆ ಕಾಯುವಂತಿಲ್ಲ. ಸಾಮಾನ್ಯವಾಗಿ ಮೂಗಿನೊಳಗಿಂದಲೇ ದುರ್ಬೀನು ಹಾಯಿಸಿ ಕೀವು ಬಸಿಯುತ್ತಾರೆ.

ಚೇತರಿಕೆಯನ್ನು ಊತದಿಂದ ಅಳೆಯುವುದು ಮನೆಯವರ ರೂಢಿ. ಅದು ನಂಬಿಕೆಯ ಅಳತೆಯಲ್ಲ. ಔಷಧಿ ನಾಟಿದರೆ ಒಂದೆರಡು ದಿನದಲ್ಲಿ ಜ್ವರ ಇಳಿಯುತ್ತದೆ, ಕಣ್ಣು ಹೊರಳಿಸುವ ನೋವು ತಗ್ಗುತ್ತದೆ. ರೆಪ್ಪೆ ಮಾತ್ರ ಊದಿಕೊಂಡೇ ಇರಬಹುದು. ರಾತ್ರಿಯಿಡೀ ಮಲಗಿ ಎದ್ದಾಗ ಹೆಚ್ಚು, ಸಂಜೆಗೆ ಕಡಿಮೆ. ಅದಕ್ಕೇ ವಾರ್ಡಿನಲ್ಲಿ ಕೆಲವು ಗಂಟೆಗಳಿಗೊಮ್ಮೆ ಬಿಗಿದ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಟಾರ್ಚ್ ಹಾಕುತ್ತಾರೆ, ಎಷ್ಟು ಬೆರಳೆಂದು ಕೇಳುತ್ತಾರೆ. ಕಣ್ಣಿನ ವೈದ್ಯರು ಜೇಬಿನಿಂದ ಕಣ್ಣಿನ ಹನಿ ಬಾಟಲಿಯ ಕೆಂಪು ಮುಚ್ಚಳ ತೆಗೆದು ಒಂದೊಂದೇ ಕಣ್ಣಿಗೆ ಹಿಡಿಯುತ್ತಾರೆ. ಒಂದು ಕಣ್ಣಿಗೆ ಆ ಕೆಂಪು ಮಾಸಿದಂತೆ ಕಂಡರೆ ದೃಷ್ಟಿನರ ಒತ್ತಡದಲ್ಲಿದೆ ಎಂದು ಅನುಮಾನಿಸಬೇಕು. ಎರಡು ದಿನವಾದರೂ ಸುಧಾರಿಸದಿದ್ದರೆ ಮತ್ತೆ ಸ್ಕ್ಯಾನ್ ಆಗುತ್ತದೆ.

ಹುಷಾರಾಗುತ್ತ ಬಂದಂತೆ ಚುಚ್ಚುಮದ್ದು ಮಾತ್ರೆಗೆ ತಿರುಗುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 2-3 ವಾರಗಳ ಔಷಧಿ. ಎಲುಬಿಗೂ ಸೋಂಕು ತಗುಲಿದ್ದರೆ ಇನ್ನೂ ದೀರ್ಘ. ಮನೆಗೆ ಬಂದ ಮೇಲೆ ನೋವಿಲ್ಲವೆಂದು ಮಾತ್ರೆ ನಿಲ್ಲಿಸಬಾರದು. ಎರಡೆರಡಾಗಿ ಕಾಣುವುದು ಹೋಗಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಮೂಗಿನ ಶಸ್ತ್ರಚಿಕಿತ್ಸೆಯಾಗಿದ್ದರೆ ವೈದ್ಯರು ಹೇಳುವತನಕ ಜೋರಾಗಿ ಸೀಂಟುವಂತಿಲ್ಲ. ಮೂಗು ತೊಳೆಯುವ ಉಪ್ಪುನೀರಿಗೆ ಕುದಿಸಿ ಆರಿಸಿದ ನೀರೇ ಆಗಬೇಕು, ನಲ್ಲಿ ನೀರು ಸಲ್ಲದು. ಮತ್ತೆ ಜ್ವರ, ವಿಪರೀತ ತಲೆನೋವು, ವಾಂತಿ, ಮಂಪರು ಕಾಣಿಸಿದರೆ, ಅಥವಾ ಇನ್ನೊಂದು ಕಣ್ಣೂ ಊದಿದರೆ ತಡಮಾಡದೆ ಆಸ್ಪತ್ರೆಗೆ ಮರಳಬೇಕು.

ಹಿಂದೆ ಮಕ್ಕಳಲ್ಲಿ ಇದಕ್ಕೆ ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ ಬ್ಯಾಕ್ಟೀರಿಯವೂ ದೊಡ್ಡ ಕಾರಣವಾಗಿತ್ತು. ಲಸಿಕೆ ಬಂದ ದೇಶಗಳಲ್ಲಿ ಅದು ತೀರ ಕುಗ್ಗಿತು. ಭಾರತದಲ್ಲಿ ಆ ರಕ್ಷಣೆಯುಳ್ಳ ಪೆಂಟಾವೇಲೆಂಟ್ ಲಸಿಕೆಯನ್ನು ಸರ್ಕಾರ 2011ರ ಡಿಸೆಂಬರ್‌ನಲ್ಲಿ ಮೊದಲು ಕೇರಳ, ತಮಿಳುನಾಡುಗಳಲ್ಲಿ ಕೊಡಲಾರಂಭಿಸಿತು. ಈಗ ಹೆಚ್ಚಾಗಿ ಕಾಣುವವು ಸ್ಟ್ರೆಪ್ಟೊಕಾಕಸ್, ಸ್ಟೆಫಿಲೊಕಾಕಸ್ ಬಳಗದವು.

ಶಿಲೀಂಧ್ರದ ಸೋಂಕಿನ ಕತೆ ಬೇರೆಯೇ. ಕೋವಿಡ್ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ, ಬ್ಲ್ಯಾಕ್ ಫಂಗಸ್ ಎಂದು ಮನೆಮಾತಾದ ಮ್ಯೂಕರ್‌ಮೈಕೋಸಿಸ್ ಕೂಡ ಸೈನಸ್‌ನಿಂದಲೇ ಕಣ್ಣಿಗೇರುತ್ತದೆ. ಕರ್ನಾಟಕ ಸರ್ಕಾರ 2021ರ ಮೇ ತಿಂಗಳಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಬಳಕೆ ಎರಡೂ ಇದಕ್ಕೆ ದಾರಿ ಮಾಡಿಕೊಡುತ್ತವೆ. ಶಿಲೀಂಧ್ರ ರಕ್ತನಾಳಗಳನ್ನೇ ಮುಚ್ಚುವುದರಿಂದ ಅಂಗಾಂಶ ಸತ್ತು ಕಪ್ಪಾಗುತ್ತದೆ. ಸತ್ತ ಭಾಗಕ್ಕೆ ರಕ್ತವಿಲ್ಲ; ರಕ್ತವಿಲ್ಲದ ಕಡೆಗೆ ಔಷಧಿಯೂ ತಲುಪದು. ಆದ್ದರಿಂದ ಆಂಫೊಟೆರಿಸಿನ್ ಬಿ ಜೊತೆಗೆ ಕತ್ತರಿಸಿ ತೆಗೆಯುವುದೂ ಅನಿವಾರ್ಯ. ಆ ಔಷಧಿ ಮೂತ್ರಪಿಂಡಕ್ಕೆ ಭಾರ, ಪದೇ ಪದೇ ರಕ್ತಪರೀಕ್ಷೆ ತಪ್ಪದು; ಮುಂದೆ ತಿಂಗಳುಗಟ್ಟಲೆ ಮಾತ್ರೆ. ಕಣ್ಣನ್ನೇ ತೆಗೆಯಬೇಕಾಗಿ ಬಂದವರಿಗೆ ಗಾಯ ಮಾಯ್ದ ಮೇಲೆ ರೆಪ್ಪೆ, ಹುಬ್ಬು ಸಮೇತ ಮುಖದ ಬಣ್ಣಕ್ಕೆ ಹೊಂದುವ ಸಿಲಿಕೋನ್ ಅಚ್ಚು ಮಾಡಿಕೊಡುತ್ತಾರೆ. ಹಲವರು ಅದನ್ನು ಕನ್ನಡಕಕ್ಕೆ ಅಂಟಿಸಿ ಧರಿಸುತ್ತಾರೆ.